ಹಾಲಿನ ಡೈರಿ ಕೊಟ್ಟ ಕಾಡಿನ ಬಹುಮಾನ

ನಮ್ಮೂರಿನ ಮಹಿಳಾ ಹಾಲು ಉತ್ಪಾದಕರ ಸಂಘಕ್ಕೆ ಪ್ರೇಮಮ್ಮ ಅಧ್ಯಕ್ಷೆಯಾದದ್ದು ಬೇರೆ ಯಾರೂ ಒಪ್ಪಲಿಲ್ಲ ಎಂಬ ಕಾರಣಕ್ಕೆ. ಊರು ಇರುವುದು ಹುಣಸೂರಿನಿಂದ ವೀರನಹೊಸಹಳ್ಳಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಕ್ಕೆ. ಜೋಳದ ಹೊಲಗಳು ಮುಗಿದ ಕಡೆ ಆನೆ ಕಂದಕ, ಅದರಾಚೆ ಕಾಡು. ನಾನು ಆ ಸಂಘದ ಕಾರ್ಯದರ್ಶಿ, ಹೆಸರು ಆಶಾರಾಣಿ. ಬೆಳಿಗ್ಗೆ ಸಂಜೆ ಹಾಲು ಅಳೆಯುವುದು, ಲ್ಯಾಕ್ಟೋಮೀಟರಿನಲ್ಲಿ ಡಿಗ್ರಿ ನೋಡುವುದು, ಚೀಟಿ ಕೊಡುವುದು ನನ್ನ ಕೆಲಸ. ಹಿಂದಿನ ಅಧ್ಯಕ್ಷೆ ಮಗನ ಮನೆ ಸೇರಿಕೊಂಡಾಗ ಸಭೆಯಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿದ್ದರು. ಕೊನೆಗೆ ಪ್ರೇಮಮ್ಮ ಎದ್ದು ನಿಂತು ಹೇಳಿದ್ದು ಇಷ್ಟು.

‘‘ಆಗ್ತೀನಿ ಬುಡ್ರಮ್ಮ. ಆದ್ರೆ ಯಾರಾದ್ರೂ ನನ್ನ ಅಧ್ಯಕ್ಷರೇ ಅಂತ ಕರುದ್ರೆ ಆಲು ಅಲ್ಲೇ ಚೆಲ್ಬುಟ್ಟು ಎದ್ದೋಯ್ತೀನಿ.’’

ಅವತ್ತಿನಿಂದ ನಮಗೆಲ್ಲ ಅವರು ಪ್ರೇಮಕ್ಕ, ಚಿಕ್ಕವರಿಗೆ ಪ್ರೇಮವ್ವ. ಅರವತ್ತರ ಹತ್ತಿರದ ಹೆಂಗಸು, ಗುಂಡಗೆ, ಗಿಡ್ಡಕ್ಕೆ. ಹಣೆಯಲ್ಲಿ ವಿಭೂತಿ, ಕಂಕುಳಲ್ಲಿ ಯಾವಾಗಲೂ ಒಂದು ಚೀಲ. ಚೀಲದೊಳಗೆ ಯಾರದೋ ಮಗುವಿಗೆ ಬಾಳೆಹಣ್ಣು, ಯಾರದೋ ಹಸುವಿಗೆ ಜಂತುಹುಳುವಿನ ಮಾತ್ರೆ. ಊರಿನ ಹಸುಗಳನ್ನೆಲ್ಲ ಹೆಸರು ಹಿಡಿದು ವಿಚಾರಿಸುವರು. ಕ್ಯಾನು ಕುಕ್ಕಿದ ಸದ್ದಿನಲ್ಲೇ ಮನೆಯಲ್ಲಿ ಜಗಳವಾಗಿದೆಯೋ ಇಲ್ಲವೋ ಅವರಿಗೆ ತಿಳಿಯುತ್ತಿತ್ತು. ಬೈಯುವುದಕ್ಕೂ ಹಿಂದೆಮುಂದೆ ನೋಡುತ್ತಿರಲಿಲ್ಲ, ಕೊಡುವುದಕ್ಕೂ ನೋಡುತ್ತಿರಲಿಲ್ಲ. ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳನ್ನು ಕೆ.ಆರ್. ನಗರಕ್ಕೆ, ಚಿಕ್ಕವಳನ್ನು ಎಚ್.ಡಿ. ಕೋಟೆಗೆ ಕೊಟ್ಟಿದ್ದರು. ಮನೆಯಲ್ಲಿ ಅವರು, ಗಂಡ ಶಿವನಂಜಪ್ಪ, ಮೂರು ಹಸು. ಶಿವನಂಜಪ್ಪನವರು ಮಾತು ಕಡಿಮೆಯ ಮನುಷ್ಯ. ಹೊಲಕ್ಕೆ ಹೋಗುವರು, ಬರುವರು, ಉಣ್ಣುವರು, ಹೆಗಲ ಮೇಲಿನ ಟವಲನ್ನು ಮಡಿಸುವರು, ಬಿಚ್ಚುವರು. ಪ್ರೇಮಕ್ಕ ಇಬ್ಬರ ಪಾಲಿನ ಮಾತನ್ನೂ ಆಡಿ ಮುಗಿಸುತ್ತಿದ್ದರು.

ಇಂಥ ಪ್ರೇಮಕ್ಕನಿಗೆ ಕಾಡಿನ ಚಿಂತೆ ಹತ್ತಿಕೊಂಡದ್ದು ಅವರ ಕೆಂದಿ ಹಸುವಿನ ಕಾಲಿನಿಂದ.

ಒಂದು ಭಾನುವಾರ ಕೆಂದಿ ಮೇಯಲು ಹೋದದ್ದು ಹೊತ್ತಾದರೂ ಮನೆಗೆ ಬರಲಿಲ್ಲ. ಹುಡುಕಿಕೊಂಡು ಹೊರಟ ಪ್ರೇಮಕ್ಕನಿಗೆ ಹಳ್ಳದ ಪಕ್ಕದ ಬೇಲಿಯಲ್ಲಿ ಅದರ ಕೂಗು ಕೇಳಿಸಿತು. ಹೋಗಿ ನೋಡಿದರೆ ಹಸು ನೆಲಕ್ಕೆ ಬಿದ್ದಿದೆ. ಹಿಂಗಾಲಿಗೆ ಬೈಕಿನ ಕ್ಲಚ್ ವೈರು ಬಿಗಿದುಕೊಂಡು ಚರ್ಮ ಕೊಯ್ದಿದೆ. ಹಂದಿ ಹಿಡಿಯಲು ಯಾರೋ ಕಟ್ಟಿದ ಉರುಳು. ಹಸುವಿನ ತಲೆಯ ಹತ್ತಿರ ಒಬ್ಬಳು ಹುಡುಗಿ ಕೂತು, ತನ್ನ ವೇಲನ್ನು ಅದರ ಕಣ್ಣಿಗೆ ಕಟ್ಟಿ ಕತ್ತು ಸವರುತ್ತಿದ್ದಾಳೆ. ಕಾಲಿನ ಹತ್ತಿರ ಒಬ್ಬ ಹುಡುಗ ಕಟಿಂಗ್ ಪ್ಲೇಯರ್ ಹಿಡಿದು ವೈರು ಕತ್ತರಿಸುತ್ತಿದ್ದಾನೆ. ವೈರು ಬಿಡುತ್ತಲೇ ಕೆಂದಿ ಒದ್ದುಕೊಂಡು ಎದ್ದು ಕುಂಟುತ್ತ ನಿಂತಿತು.

‘‘ಯಾರ್ ಮಗ್ಳವ್ವ ನೀನು?’’ ಎಂದರು ಪ್ರೇಮಕ್ಕ.

‘‘ನಟರಾಜು ಮಗ್ಳು, ಮಧುಶ್ರೀ. ಇವ್ನು ಶರತ್, ನಮ್ ಚಿಕ್ಕಪ್ಪನ ಮಗ.’’

‘‘ಇಲ್ಲೇನ್ ಮಾಡ್ತಿದ್ರಿ?’’

ಮಧುಶ್ರೀ ಬೆನ್ನಿನ ಬ್ಯಾಗು ಇಳಿಸಿ ಜಿಪ್ಪು ತೆಗೆದು ತೋರಿಸಿದಳು. ಒಳಗೆ ಸುರುಳಿ ಸುರುಳಿ ವೈರು. ಅವಳು ಹುಣಸೂರಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದಳು. ಶರತ್ ಓದು ಬಿಟ್ಟು ಬೇಸಾಯಕ್ಕೆ ಇಳಿದಿದ್ದ. ಹಿಂದಿನ ಬೇಸಿಗೆಯಲ್ಲಿ ಕಂದಕದ ಹತ್ತಿರ ಉರುಳಿಗೆ ಸಿಕ್ಕಿ ಒಣಗಿಹೋದ ಚಿರತೆಯೊಂದನ್ನು ಇವರಿಬ್ಬರೇ ಮೊದಲು ಕಂಡಿದ್ದರಂತೆ. ಆಮೇಲಿಂದ ಭಾನುವಾರ ಭಾನುವಾರ ಬೇಲಿ ಸಾಲು ಹಿಡಿದು ನಡೆದು, ಸಿಕ್ಕ ಉರುಳನ್ನೆಲ್ಲ ಕಿತ್ತು ತರುತ್ತಿದ್ದರು. ಯಾರೂ ಹೇಳಿ ಮಾಡಿಸಿದ್ದಲ್ಲ. ಊರಲ್ಲಿ ಇದನ್ನು ಮೆಚ್ಚಿದವರೂ ಇರಲಿಲ್ಲ. ಹೊಲದವರು ಕಂಡರೆ ಕಳ್ಳರನ್ನು ಓಡಿಸಿದ ಹಾಗೆ ಓಡಿಸುತ್ತಿದ್ದರು.

ಪ್ರೇಮಕ್ಕ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. ‘‘ಬೆಳಗ್ಗೆ ಏನ್ ತಿಂದ್ಕಂಡ್ ಬಂದ್ರಿ?’’

ಶರತ್ ಖಾಲಿಯಾದ ನೀರಿನ ಬಾಟಲಿ ತೋರಿಸಿದ.

‘‘ಮುಂದಿನ ವಾರದಿಂದ ನಮ್ಮನೆಗೆ ಬಂದು ಓಗಿ. ವಟ್ಟೆಗಿಲ್ದೆ ಬೇಲಿ ಸುತ್ತಬ್ಯಾಡಿ.’’

ಹೀಗೆ ಶುರುವಾಯಿತು. ಭಾನುವಾರ ಡೈರಿ ಮುಗಿಸಿ ಪ್ರೇಮಕ್ಕ ಉಪ್ಪಿಟ್ಟು ಮಾಡುವರು, ಇಲ್ಲವೇ ಅಕ್ಕಿರೊಟ್ಟಿಗೆ ಹುಚ್ಚೆಳ್ಳು ಚಟ್ನಿ. ಮಕ್ಕಳಿಬ್ಬರೂ ಜಗುಲಿಯಲ್ಲಿ ಕೂತು ತಿಂದು, ನೀರಿನ ಬಾಟಲಿ ತುಂಬಿಸಿಕೊಂಡು ಹೊರಡುವರು. ಕೆಂದಿಯ ಕಾಲು ಮಾಯಿತು, ಸ್ವಲ್ಪ ಕುಂಟು ಉಳಿಯಿತು. ಶಿವನಂಜಪ್ಪನವರು ಆ ಹೊತ್ತಿಗೆ ಹೊಲದಲ್ಲಿರುತ್ತಿದ್ದರು. ಮನೆಯಲ್ಲಿದ್ದರೆ ಮಕ್ಕಳನ್ನು ನೋಡಿ ತಲೆಯಾಡಿಸಿ ಒಳಗೆ ಹೋಗುತ್ತಿದ್ದರು.

ಕೆಲವು ವಾರ ಕಳೆದ ಮೇಲೆ ಒಂದು ಭಾನುವಾರ ಶರತ್ ಒಬ್ಬನೇ ಬಂದ. ಮಧುಶ್ರೀಯ ಅಪ್ಪ ಅವಳನ್ನು ಹೊರಗೆ ಬಿಟ್ಟಿರಲಿಲ್ಲ. ಪ್ರೇಮಕ್ಕ ಒಲೆ ಆರಿಸಿ ನೇರ ಡೈರಿಗೆ ಬಂದು ನನಗೆ ಹೇಳಿದರು, ‘‘ಆಶಾ, ನಿನ್ನ ಸ್ಕೂಟಿ ತಗೀ. ನಟರಾಜು ಮನೆಗೋಗ್ಬೇಕು.’’

ನಟರಾಜು ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಮುಂದೆ ಸೌದೆ ಪೇರಿಸುತ್ತಿದ್ದರು. ಕೆಟ್ಟವರಲ್ಲ, ಊರಿನ ಬಾಯಿಗೆ ಹೆದರುವ ಮನುಷ್ಯ. ಪ್ರೇಮಕ್ಕನಿಗೆ ಕುರ್ಚಿ ಹಾಕಿಸಿದರು.

‘‘ಪ್ರೇಮಮ್ಮೋರೆ, ನಾನ್ ಕಾಲೇಜ್ಗೆ ಕಳ್ಸಿದ್ದು ಓದ್ಲಿ ಅಂತ, ಬೇಲಿ ಬೇಲಿ ಸುತ್ಲಿ ಅಂತಲ್ಲ. ನಾಳೆ ಗಂಡಿನ ಕಡೆಯೋರು ಇವಳೇನ್ ಮಾಡ್ತಾಳೆ ಅಂತ ಕೇಳುದ್ರೆ ಏನೇಳ್ಲಿ?’’

‘‘ಪ್ರೇಮಮ್ಮನ ಹಸ ಉಳ್ಸಿದ ಹುಡ್ಗಿ ಅಂತ ಏಳು. ನಂಬ್ದೆ ಓದ್ರೆ ನಮ್ಮನೆ ತಾವುಕ್ಕೆ ಕಳ್ಸು, ಹಸ ತೋರುಸ್ತೀನಿ.’’

‘‘ಅಂಗಲ್ಲ ಕಣ್ರೀ. ಜನ ಆಡ್ಕತಾರೆ. ಒಬ್ಳೇ ಒಲದ ಮೇಲೆ ಓಡಾಡ್ತಾಳೆ ಅಂತಾರೆ.’’

‘‘ಒಬ್ಳೇ ಯಾಕೆ ಓಡಾಡ್ತಾಳೆ? ನಾನೋಯ್ತೀನಿ ಜೊತೇಲಿ. ನನ್ನ ಯಾವ ಗಂಡಿನ ಕಡೆಯೋರೂ ಕೇಳಕ್ಕಿಲ್ಲ.’’

ಬಾಗಿಲ ಹಿಂದೆ ನಿಂತಿದ್ದ ಮಧುಶ್ರೀ ನಕ್ಕದ್ದು ನನಗೆ ಕೇಳಿಸಿತು. ನಟರಾಜುಗೂ ನಗು ತಡೆಯಲಾಗಲಿಲ್ಲ. ‘‘ನಿಮ್ ಜವಾಬ್ದಾರಿ ಮತ್ತೆ’’ ಎಂದು ಒಪ್ಪಿದರು.

ಹೇಳಿದ ಮೇಲೆ ಪ್ರೇಮಕ್ಕ ಹೋಗದೆ ಇರುವವರಲ್ಲ. ತಲೆಗೆ ಟವಲು ಕಟ್ಟಿ, ಗಂಡನ ಗಮ್‌ಬೂಟು ಹಾಕಿಕೊಂಡು ಹೊರಟರು. ಬೂಟು ದೊಡ್ಡದಾಗಿ ಹೆಜ್ಜೆ ಹೆಜ್ಜೆಗೂ ಕಾಲು ಒಳಗೇ ತಿರುಗುತ್ತಿತ್ತು. ಬದುವಿನ ಮೇಲೆ ಕೂತು ಕೂತು ನಡೆದರು. ಮಧುಶ್ರೀ ಅವರಿಗೆ ಬೇಲಿಯನ್ನು ಓದುವುದು ಕಲಿಸಿದಳು. ಗಿಡ ಬಾಗಿ ಸಣ್ಣ ದಾರಿಯಾದ ಕಡೆ ಹಂದಿ ನುಗ್ಗಿದೆ ಎಂದು ಅರ್ಥ, ಅಲ್ಲೇ ಉರುಳು ಕಟ್ಟುತ್ತಾರೆ. ಕಟ್ಟಿದವನ ಲೆಕ್ಕ ಹಂದಿಯದು. ಆ ದಾರಿಯಲ್ಲಿ ನಾಯಿ ಬಂದರೆ ನಾಯಿ ಸಿಗುತ್ತದೆ, ಜಿಂಕೆ ಬಂದರೆ ಜಿಂಕೆ, ಹುಲಿ ಬಂದರೆ ಹುಲಿ.

ಪ್ರೇಮಕ್ಕ ಜೊತೆಗಿದ್ದ ಮೇಲೆ ಹೊಲದವರು ಬೈಯುವುದು ಕಡಿಮೆಯಾಯಿತು. ಬೈದವರಿಗೆ ಅವರೇ ಉತ್ತರ ಕೊಡುತ್ತಿದ್ದರು. ಒಂದು ಸಂಗತಿ ಮಾತ್ರ ಪ್ರತಿ ವಾರ ನಡೆಯುತ್ತಿತ್ತು. ಪ್ರೇಮಕ್ಕನ ಸ್ವಂತ ಹೊಲದ ಹತ್ತಿರ ಬರುತ್ತಲೇ ಮಧುಶ್ರೀ, ‘‘ಅವ್ವಾ, ನೀವಿಲ್ಲೇ ನೆಳ್ಳಲ್ಲಿ ಕೂತ್ಕಳಿ, ಇದೊಂದು ಸುತ್ತು ನಾನು ನೋಡ್ಕಂಡ್ ಬತ್ತೀನಿ’’ ಎನ್ನುತ್ತಿದ್ದಳು. ತನ್ನ ಮಂಡಿ ನೋವು ಕಂಡು ಹುಡುಗಿಗೆ ಮರುಕ ಎಂದು ಪ್ರೇಮಕ್ಕ ನಂಬಿದ್ದರು. ನನ್ನ ಹತ್ತಿರವೂ ಹಾಗೇ ಹೇಳಿ ಹೊಗಳಿದ್ದರು.

ಆ ವರ್ಷ ಜೋಳ ಚೆನ್ನಾಗಿ ಬಂದಿತ್ತು. ತೆನೆಯಲ್ಲಿ ಹಾಲು ತುಂಬುವ ಕಾಲ, ಹಂದಿಗಳು ಬಿಡದೆ ನುಗ್ಗುವ ಕಾಲವೂ ಅದೇ. ಒಂದು ಬೆಳಿಗ್ಗೆ ನಾನು ಹಾಲು ಅಳೆಯುತ್ತಿದ್ದೆ, ಹೆಂಗಸರು ಸಾಲಾಗಿ ನಿಂತಿದ್ದರು. ಶರತ್ ಬೈಕನ್ನು ಹಾಗೇ ಕೆಡವಿ ಓಡಿ ಬಂದ.

‘‘ಪ್ರೇಮವ್ವಾ, ನಿಮ್ಮೊಲದ ಬೇಲೀಲಿ ಚಿರ್ತೆ ಸಿಕ್ಕಾಕಂಡದೆ. ಇನ್ನೂ ಜೀವ ಅದೆ. ಮಧು ಒಬ್ಳೇ ಅವ್ಳೆ ಅಲ್ಲಿ.’’

ನಾವೆಲ್ಲ ಹೊರಟೆವು. ಕ್ಯಾನು ಕೈಯಲ್ಲಿದ್ದವರು ಕ್ಯಾನಿನ ಸಮೇತ ಹೊರಟರು.

ಹೊಲದ ಕೆಳಗಿನ ಬದುವಿನಲ್ಲಿ, ಲಂಟಾನದ ಪೊದೆಯ ಮಗ್ಗುಲಲ್ಲಿ ಅದು ಬಿದ್ದಿತ್ತು. ಸೊಂಟಕ್ಕೆ ವೈರು ಬಿಗಿದಿತ್ತು, ವೈರಿನ ಇನ್ನೊಂದು ತುದಿ ಗೂಟಕ್ಕೆ. ಸುತ್ತಲಿನ ನೆಲವನ್ನೆಲ್ಲ ಪರಚಿ ಗುಂಡಿ ಮಾಡಿತ್ತು. ನಾನು ಅಷ್ಟು ಹತ್ತಿರದಿಂದ ಚಿರತೆ ನೋಡಿದ್ದು ಅದೇ ಮೊದಲು. ಉಸಿರಿಗೆ ಪಕ್ಕೆ ಏಳುತ್ತ ಬೀಳುತ್ತ ಇತ್ತು. ಅದರ ಕಣ್ಣು ಮಾತ್ರ ಯಾರು ಅಲುಗಿದರೂ ಅತ್ತ ಹೋಗುತ್ತಿತ್ತು.

ಅಷ್ಟರಲ್ಲೇ ಜನ ಸೇರಿದ್ದರು. ಅಕ್ಕಪಕ್ಕದ ಊರುಗಳಿಂದ ಬೈಕುಗಳ ಮೇಲೆ ಮೂರು ಮೂರು ಜನ ಬರುತ್ತಿದ್ದರು. ಎಲ್ಲರ ಕೈಯಲ್ಲೂ ಮೊಬೈಲು. ಮಧುಶ್ರೀ ಬದುವಿನ ಮೇಲೆ ಎರಡೂ ಕೈ ಅಗಲಿಸಿ ನಿಂತು, ‘‘ಅಣ್ಣಾ, ಇಂದಕ್ಕೋಗಿ, ದಮ್ಮಯ್ಯ ಇಂದಕ್ಕೋಗಿ’’ ಎಂದು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದಳು. ಅರಣ್ಯ ಇಲಾಖೆಗೆ ಅವಳೇ ಫೋನು ಮಾಡಿದ್ದಳು. ಇಬ್ಬರು ವಾಚರುಗಳು ಬಂದಿದ್ದರು. ಅರಿವಳಿಕೆ ಕೊಡುವ ಡಾಕ್ಟರು ದೂರದಿಂದ ಬರಬೇಕಿತ್ತು.

ಯಾರೋ ಒಂದು ಕಲ್ಲು ಎಸೆದರು. ಚಿರತೆ ಒಂದೇ ಸಲ ಮೇಲಕ್ಕೆ ನೆಗೆಯಿತು, ವೈರು ಎಳೆದು ನೆಲಕ್ಕೆ ಅಪ್ಪಳಿಸಿತು. ಜನ ಚೆಲ್ಲಾಪಿಲ್ಲಿಯಾಗಿ ಓಡಿದರು. ಹೊಲದ ತುಂಬ ಚಪ್ಪಲಿ ಬಿದ್ದವು. ಸ್ವಲ್ಪ ಹೊತ್ತಿಗೆ ಅದೇ ಜನ ನಗುತ್ತ ಮತ್ತೆ ಹತ್ತಿರ ಬಂದರು. ಆಗ ಪ್ರೇಮಕ್ಕ ದಾರಿಯ ಮಧ್ಯಕ್ಕೆ ಹೋಗಿ ತಮ್ಮ ಕ್ಯಾನನ್ನು ನೆಲಕ್ಕೆ ಕುಕ್ಕಿದರು.

‘‘ಇದು ನಮ್ಮೊಲ. ನನ್ನ ಕೇಳ್ದೆ ಒಬ್ರೂ ಕಾಲಿಡಂಗಿಲ್ಲ. ಆಶಾ, ಬಾ ಇಲ್ಲಿ ಕೂತ್ಕ. ಎಲ್ಲಾರೂ ಬನ್ರಮ್ಮ.’’

ಬದುವಿನ ಉದ್ದಕ್ಕೂ ನಾವು ಕೂತೆವು, ಮುಂದೆ ಕ್ಯಾನುಗಳ ಸಾಲು. ಗಂಡಸರಿಗೆ ಹೆಂಗಸರನ್ನು ದಾಟಿ ಹೋಗಲು ಮುಜುಗರ. ನಮ್ಮಲ್ಲಿ ಬಾಯಿ ಜೋರಿನವರು ಸಣ್ಣತಾಯಮ್ಮ. ಎದುರಿಗೆ ಫೋನು ಹಿಡಿದು ನಿಂತಿದ್ದವನು ತಮ್ಮ ಮೊಮ್ಮಗನೇ ಎಂದು ಕಂಡು, ಎದ್ದು ಹೋಗಿ ಫೋನು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಕೂತರು. ಅದನ್ನು ನೋಡಿ ಉಳಿದವರು ಫೋನು ಜೇಬಿಗೆ ಹಾಕಿಕೊಂಡರು. ಶರತ್ ಮತ್ತು ವಾಚರುಗಳು ಹಗ್ಗ ಕಟ್ಟಿದರು. ಮಧುಶ್ರೀ ಪ್ರೇಮಕ್ಕನ ಕಡೆ ಒಂದು ಸಲ ನೋಡಿ ಮುಖ ತಿರುಗಿಸಿದಳು.

ಶಿವನಂಜಪ್ಪನವರು ಬಂದದ್ದು ಆಮೇಲೆ. ಸ್ವಲ್ಪ ಹೊತ್ತು ದೂರದಲ್ಲಿ ನಿಂತರು. ಟವಲನ್ನು ಮಡಿಸಿದರು, ಬಿಚ್ಚಿದರು. ಕೊನೆಗೆ ಹೆಂಡತಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಮೆಲ್ಲಗೆ ಹೇಳಿದರು. ನಾನು ಆ ಪಕ್ಕದಲ್ಲೇ ಇದ್ದುದರಿಂದ ನನಗೆ ಕೇಳಿಸಿತು.

‘‘ವೈರ್ ನಂದೇ ಕಣೆ.’’

ಪ್ರೇಮಕ್ಕ ಅವರ ಕಡೆ ತಿರುಗಲಿಲ್ಲ. ಕ್ಯಾನಿನ ಮುಚ್ಚಳದ ಮೇಲೆ ಇಟ್ಟಿದ್ದ ಕೈ ಅಲ್ಲೇ ಇತ್ತು. ಹಗ್ಗದಾಚೆಯ ಜನರ ಮೇಲೆ ಕಣ್ಣಿಟ್ಟೇ ಹೇಳಿದರು, ‘‘ಡಾಕ್ಟ್ರು ಬಂದು ಓಗ್ಲಿ. ಈಗ ಇಲ್ಲೇ ಕೂತ್ಕಳಿ.’’

ಶಿವನಂಜಪ್ಪನವರು ನಮ್ಮ ಸಾಲಿನಲ್ಲೇ ಕೂತರು.

ಬಿಸಿಲು ನೆತ್ತಿಗೆ ಬಂದ ಮೇಲೆ ಡಾಕ್ಟರು ಬಂದರು. ಮದ್ದಿನ ಸೂಜಿ ಹಾರಿಸಿದರು. ಚಿರತೆ ತಲೆ ಎತ್ತಿ ಎತ್ತಿ ಕೊನೆಗೆ ಮುಂಗಾಲಿನ ಮೇಲೆ ಇಟ್ಟು ಮಲಗಿತು. ವೈರು ಕತ್ತರಿಸಿ, ಗಾಯ ತೊಳೆದು, ಕಣ್ಣಿಗೆ ಬಟ್ಟೆ ಕಟ್ಟಿದರು. ಸಲೈನ್ ಬಾಟಲಿ ಎತ್ತಿ ಹಿಡಿಯಲು ಒಬ್ಬರು ಬೇಕು ಎಂದಾಗ ಮಧುಶ್ರೀ ಹಿಡಿದಳು. ಚಿಕ್ಕ ಪ್ರಾಯದ ಹೆಣ್ಣು ಚಿರತೆ, ಗಾಯ ಆಳವಾಗಿದೆ, ಉಳಿಯಬಹುದು ಎಂದರು ಡಾಕ್ಟರು. ಬಲೆಯಲ್ಲಿ ಎತ್ತಿ ಜೀಪಿನ ಬೋನಿಗೆ ಹಾಕುವ ತನಕ ಅವಳು ಬಾಟಲಿ ಇಳಿಸಲಿಲ್ಲ.

ಆಮೇಲೆ, ಡಾಕ್ಟರ ಜೊತೆ ಬಂದಿದ್ದ ಅರಣ್ಯ ಇಲಾಖೆಯ ಅಧಿಕಾರಿಗಳು ಕೇಳಿದರು, ವೈರು ಕಟ್ಟಿದ್ದು ಯಾರು ಎಂದು. ಗೊತ್ತಿಲ್ಲ ಸಾರ್, ರಾತ್ರಿ ಯಾರೋ ಬಂದು ಕಟ್ಟಿರಬಹುದು ಎಂದು ಒಬ್ಬರು ಶುರುಮಾಡಿದರು. ಪ್ರೇಮಕ್ಕ ಗಂಡನ ಕಡೆ ನೋಡಿದರು.

‘‘ಏಳಿ. ನೀವೇ ಬಾಯ್ಬುಟ್ಟು ಏಳ್ರಿ.’’

ಶಿವನಂಜಪ್ಪನವರು ಎದ್ದು ನಿಂತು, ‘‘ನಾನೇ ಸ್ವಾಮಿ’’ ಎಂದರು. ಅವರನ್ನು ಚಿರತೆಯ ಬೋನಿದ್ದ ಜೀಪಿನ ಹಿಂದಿನ ಜೀಪಿನಲ್ಲಿ ಕರೆದುಕೊಂಡು ಹೋದರು.

ಸಂಜೆ ಪ್ರೇಮಕ್ಕ ಮಾಮೂಲಿನಂತೆ ಹಾಲು ತಂದರು. ಎಲ್ಲರೂ ಹೋದ ಮೇಲೂ ಡೈರಿಯ ಬೆಂಚಿನ ಮೇಲೆ ಕೂತೇ ಇದ್ದರು. ಮಧುಶ್ರೀ ಬಂದಳು, ಬಾಗಿಲಲ್ಲೇ ನಿಂತಳು.

‘‘ನಿಂಗೊತ್ತಿತ್ತಾ?’’ ಎಂದು ಕೇಳಿದರು ಪ್ರೇಮಕ್ಕ.

‘‘ಗೊತ್ತಿತ್ತವ್ವ. ಪ್ರತಿ ವಾರ ಕಿತ್ತಾಕ್ತಿದ್ದೆ. ಅವ್ರು ಮತ್ತೆ ಕಟ್ತಿದ್ರು. ಅವ್ರಿಗೂ ಗೊತ್ತಿತ್ತು ಕೀಳ್ತಿರೋದು ನಾನೇ ಅಂತ. ಒಂದ್ಮಾತೂ ಬೈಲಿಲ್ಲ.’’

‘‘ನಂಗ್ಯಾಕೆ ಏಳ್ಲಿಲ್ಲ?’’

‘‘ನಿಮ್ಮನೇಲೇ ಕೂತು ತಿಂದ್ಬುಟ್ಟು ಎಂಗೇಳ್ಲಿ?’’ ಎಂದು ಹುಡುಗಿ ಅತ್ತುಬಿಟ್ಟಳು.

ಪ್ರೇಮಕ್ಕ ಸರಿದು ಕೂತು ಬೆಂಚಿನಲ್ಲಿ ಜಾಗ ಮಾಡಿದರು. ಚೀಲದಿಂದ ಒಂದು ಬಾಳೆಹಣ್ಣು ತೆಗೆದು ಅವಳ ಕೈಗಿಟ್ಟರು.

ಶಿವನಂಜಪ್ಪನವರು ಕೆಲವು ದಿನ ಜೈಲಿನಲ್ಲಿದ್ದು ಜಾಮೀನಿನ ಮೇಲೆ ಬಂದರು. ಆ ನಡುವೆ ಕೆ.ಆರ್. ನಗರದಿಂದ ದೊಡ್ಡ ಮಗಳು ಬಂದು, ಆ ಹುಡುಗಿಯನ್ನು ಮನೆಗೆ ಸೇರಿಸಿದ್ದಕ್ಕೇ ಅಪ್ಪನಿಗೆ ಈ ಗತಿ ಬಂತು ಎಂದು ಕೂಗಾಡಿದಳು. ಊರಿನ ಅರ್ಧ ಜನರ ಮಾತೂ ಅದೇ. ಪ್ರೇಮಕ್ಕ ಮಗಳಿಗೆ ಹೇಳಿದರಂತೆ, ‘‘ನಿಮ್ಮಪ್ಪನ್ನ ಅವ್ಳು ಇಡ್ಕೊಡ್ಲಿಲ್ಲ ಕಣವ್ವ. ಅವ್ಳು ವಾರ ವಾರ ಕಾಪಾಡ್ತಿದ್ಲು. ಒಂದು ವಾರ ಕಾಲೇಜಲ್ಲಿ ಪರೀಕ್ಷೆ ಇತ್ತು, ಬರಕ್ಕಾಗ್ಲಿಲ್ಲ. ಅಷ್ಟೇಯ.’’ ಭಾನುವಾರದ ಉಪ್ಪಿಟ್ಟು ನಿಲ್ಲಲಿಲ್ಲ.

ಗಂಡ ಮನೆಗೆ ಬರುವ ಮೊದಲೇ ಪ್ರೇಮಕ್ಕ ಇನ್ನೊಂದು ಕೆಲಸಕ್ಕೆ ಕೈ ಹಾಕಿದ್ದರು. ಹಾಲು ತರುವ ಹೆಂಗಸರನ್ನೆಲ್ಲ ಹಳೆ ಸೀರೆ ಕೇಳಿದರು. ಮಧುಶ್ರೀ, ಶರತ್ ಇಬ್ಬರೂ ಗೂಟ ನೆಟ್ಟು ಜೋಳದ ಹೊಲದ ಸುತ್ತ ಸೀರೆ ಕಟ್ಟಿದರು. ಹಸಿರು, ಕೆಂಪು, ಹೂವಿನ ಚಿತ್ತಾರದವು, ಸಣ್ಣತಾಯಮ್ಮನ ಹಳದಿ ಸೀರೆಯೂ ಅದರಲ್ಲಿತ್ತು. ಗಾಳಿಗೆ ಆಡುವ ಬಟ್ಟೆ ಕಂಡರೆ ಹಂದಿಗಳು ಬೆದರುತ್ತವೆ. ಪೂರ್ತಿ ನಿಂತವು ಎಂದು ಹೇಳಲಾರೆ, ಕಡಿಮೆಯಾದವು. ‘‘ಮಕ್ಳಾ, ವೈರ್ ಕಿತ್ಕಂಡು ಓದ್ರೆ ಆಗ್ಲಿಲ್ಲ. ಜೋಳ ತಿನ್ನೋ ಹಂದಿಗೂ ಒಂದು ದಾರಿ ತೋರುಸ್ಬೇಕು. ಇಲ್ದಿದ್ರೆ ನಮ್ಮನೆಯವ್ರಂಗೆ ಎಲ್ಲಾರೂ ಮತ್ತೆ ಕಟ್ತಾರೆ’’ ಎಂದು ಪ್ರೇಮಕ್ಕ ಹೇಳಿದ ಮೇಲೆ, ಬೆಳೆ ನಷ್ಟದ ಪರಿಹಾರಕ್ಕೆ ಅರ್ಜಿ ಬರೆದುಕೊಡುವ ಕೆಲಸವನ್ನೂ ಇಬ್ಬರೂ ಹಚ್ಚಿಕೊಂಡರು. ಕೆಲವರಿಗೆ ಬಂತು, ಕೆಲವರಿಗೆ ತಡವಾಯಿತು, ಕೆಲವರಿಗೆ ಬರಲಿಲ್ಲ. ಆದರೂ ಬೇಲಿಯಲ್ಲಿ ಸಿಗುವ ವೈರು ಕಮ್ಮಿಯಾಗುತ್ತ ಬಂತು.

ಆಮೇಲೆ ಸಂಘದ ವಾರ್ಷಿಕ ಸಭೆ ಬಂತು. ಆ ಸಭೆಯಲ್ಲಿ ಹೆಚ್ಚು ಹಾಲು ಹಾಕಿದವರಿಗೆ ಸ್ಟೀಲಿನ ಪಾತ್ರೆ ಕೊಡುವುದು ರೂಢಿ. ವರದಿ ಓದಿ ಮುಗಿಸಿದ ಮೇಲೆ ಪ್ರೇಮಕ್ಕ ಎದ್ದು, ಈ ವರ್ಷದಿಂದ ಕಾಡು ಪ್ರಾಣಿ ಕಾಪಾಡಿದ ಮಕ್ಕಳಿಗೂ ಒಂದು ಬಹುಮಾನ ಇರಲಿ, ಮೊದಲನೆಯದು ಮಧುಶ್ರೀ ಮತ್ತು ಶರತ್‌ಗೆ ಎಂದರು.

ಸಣ್ಣತಾಯಮ್ಮ ಎದ್ದರು. ‘‘ಪ್ರೇಮಕ್ಕ, ಆಲಾಕ್ದೆ ಇರೋರ್ಗೆ ಡೈರಿಯಿಂದ ಬಹುಮಾನ ಯಾಕೆ? ಅದೂ ನಿಮ್ಮನೆಯವ್ರ ಕೇಸು ಇನ್ನೂ ಕೋರ್ಟಲ್ಲೇ ಅದೆ. ಊರು ನಗಾಕಿಲ್ವಾ?’’

ಕೇಳಬೇಕಾದ ಪ್ರಶ್ನೆಯೇ. ಹಿಂದೆ ಕೂತಿದ್ದವರೂ ಕತ್ತು ನೀಡಿದರು.

ಪ್ರೇಮಕ್ಕ ಸೆರಗು ಸರಿಮಾಡಿಕೊಂಡರು. ‘‘ನಗ್ಲಿ ಬುಡವ್ವ. ನಮ್ಮನೆಯವ್ರು ಎಷ್ಟೋ ವರ್ಷದಿಂದ ವೈರ್ ಕಟ್ತಿದ್ರಂತೆ. ಅವ್ರ ಜೊತೇಲಿ ಬಾಳ್ದೋಳು ನಾನು, ನಂಗೇ ಗೊತ್ತಿಲ್ಲ. ಗೊತ್ತಿದ್ದೋರು ಊರಲ್ಲಿದ್ರು, ಒಬ್ರೂ ಬೈಲಿಲ್ಲ. ಈ ಮಕ್ಳು ಕಿತ್ತಾಕುದ್ರು, ಎಲ್ಲಾರೂ ಬೈದ್ರಿ. ಒಂದು ಸಲನಾದ್ರೂ ಚೆನ್ನಾಗ್ ಮಾಡುದ್ರಿ ಮಕ್ಳಾ ಅಂತ ಅನ್ಬೇಕಲ್ವಾ? ಅದನ್ನ ನಾನೊಬ್ಳೇ ಮನೆ ಜಗ್ಲೀಲಿ ಅಂದ್ರೆ ಸಾಲಕ್ಕಿಲ್ಲ. ಇಲ್ಲಿ ನಿಂತು ಎಲ್ಲಾರೂ ಅನ್ಬೇಕು.’’

ಸಂಘದ ಹಣವನ್ನು ಇದಕ್ಕೆ ಮುಟ್ಟುವ ಹಾಗಿಲ್ಲ, ನಿಯಮದಲ್ಲಿಲ್ಲ ಎಂದು ನಾನು ಹೇಳಿದೆ. ಹೇಳುವುದು ನನ್ನ ಕೆಲಸವಾಗಿತ್ತು. ಪ್ರೇಮಕ್ಕ ಏನೂ ಅನ್ನುವ ಮೊದಲೇ ಸಣ್ಣತಾಯಮ್ಮ, ‘‘ಡೈರಿ ದುಡ್ಡು ಯಾಕೆ, ನಮ್ ಕೈಲೇನು ಆಗಕ್ಕಿಲ್ವಾ? ನನ್ನದೊಂದು ಶಾಲು ಇರ್ಲಿ’’ ಎಂದು ಕೂತರು. ಅಷ್ಟು ಹೊತ್ತು ವಾದಿಸಿದವರು ಅವರೇ. ಆಮೇಲೆ ಒಬ್ಬೊಬ್ಬರಾಗಿ ಕೈ ಎತ್ತಿದರು.

ಮುಂದಿನ ಭಾನುವಾರ ಡೈರಿಯ ಮುಂದೆ ಶಾಮಿಯಾನ ಹಾಕಿಸಿದೆವು. ಶಾಲು, ಹಾರ, ಇಬ್ಬರಿಗೂ ಅವರವರ ಅಳತೆಯ ಗಮ್‌ಬೂಟು, ದಪ್ಪ ಕೈಗವಸು, ಪಿರಿಯಾಪಟ್ಟಣದ ಕಡೆಯ ಕೊಪ್ಪದ ಅಂಗಡಿಯಿಂದ ತರಿಸಿದ ಒಳ್ಳೆಯ ಕಟ್ಟರು. ನಟರಾಜು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಮುಂದಿನ ಸಾಲಿನಲ್ಲಿ ಕೂತಿದ್ದರು. ಶಿವನಂಜಪ್ಪನವರು ಮಾತ್ರ ಹಿಂದೆ, ಬೈಕುಗಳ ನಡುವೆ ನಿಂತಿದ್ದರು. ಬೂಟು ಕೊಡುವ ಹೊತ್ತಿಗೆ ಪ್ರೇಮಕ್ಕ ಮೈಕಿನಲ್ಲೇ ಕರೆದರು, ‘‘ರೀ, ಬನ್ನಿ ಇಲ್ಲಿ. ಇದ್ನ ನೀವು ಕೊಡಿ.’’

ಎಲ್ಲರೂ ಹಿಂದಕ್ಕೆ ತಿರುಗಿದರು. ಮುದುಕರು ನಿಧಾನವಾಗಿ ನಡೆದು ಬಂದು ಬೂಟು ತೆಗೆದುಕೊಂಡು ಮಧುಶ್ರೀಯ ಕೈಗೆ ಕೊಟ್ಟರು. ‘‘ಅಳತೆ ಸರೀಗದಾ ನೋಡ್ಕ ಮಗ’’ ಎಂದರು. ಅವಳು ಬಗ್ಗಿ ಅವರ ಕಾಲು ಮುಟ್ಟಿದಳು. ಅವರು ಟವಲಿನಿಂದ ಮುಖ ಒರೆಸಿಕೊಂಡರು. ಮಾತಾಡು ಎಂದರೆ ಮಧುಶ್ರೀ ಮೈಕನ್ನು ಪಕ್ಕಕ್ಕೆ ದಾಟಿಸಿದಳು. ಶರತ್, ‘‘ಎಲ್ಲಾರ್ಗೂ ನಮಸ್ಕಾರ. ಹಳೇ ಸೀರೆ ಇನ್ನೂ ಬೇಕು’’ ಎಂದು ಹೇಳಿ ಕೂತ. ಸಭೆ ನಕ್ಕಿತು.

ಚಿರತೆಯ ಗಾಯ ಮಾಯ್ದು, ಅದನ್ನು ಕಾಡಿಗೆ ಬಿಟ್ಟರು ಎಂದು ಆಮೇಲೆ ವಾಚರು ಬಂದು ಹೇಳಿದರು. ಶಿವನಂಜಪ್ಪನವರ ಕೇಸು ಇನ್ನೂ ನಡೆಯುತ್ತಿದೆ. ತಾರೀಕು ಬಂದಾಗ ಪ್ರೇಮಕ್ಕ ಬುತ್ತಿ ಕಟ್ಟಿಕೊಂಡು ಅವರ ಜೊತೆ ಕೋರ್ಟಿಗೆ ಹೋಗಿ ಬರುತ್ತಾರೆ. ಮಧುಶ್ರೀ ಎಂ.ಎಸ್ಸಿ. ಮುಗಿಸಿ ಈಗ ಎಚ್.ಡಿ. ಕೋಟೆಯಲ್ಲಿ, ಆನೆ ಕಾಟದ ಊರುಗಳಲ್ಲಿ ಜನರ ಜೊತೆ ಕೆಲಸ ಮಾಡುವ ಒಂದು ಸಂಸ್ಥೆಯಲ್ಲಿದ್ದಾಳೆ. ಅಲ್ಲಿ ಪ್ರೇಮಕ್ಕನ ಚಿಕ್ಕ ಮಗಳ ಮನೆಯಲ್ಲೇ ಬಾಡಿಗೆಗಿದ್ದಾಳೆ. ಶರತ್ ಊರಲ್ಲೇ ಇದ್ದಾನೆ, ಭಾನುವಾರ ಅವನ ಹಿಂದೆ ಆರೇಳು ಮಕ್ಕಳು ಹೋಗುತ್ತಾರೆ.

ಬಹುಮಾನವೂ ನಿಲ್ಲಲಿಲ್ಲ. ಕಾಡಿನ ಬಹುಮಾನ ಎಂದೇ ಅದಕ್ಕೆ ಹೆಸರಾಯಿತು. ಸುತ್ತಲಿನ ಬೇರೆ ಮಹಿಳಾ ಸಂಘದವರು ತಮ್ಮ ಊರಿನ ಮಕ್ಕಳ ಹೆಸರು ಕಳಿಸತೊಡಗಿದರು. ಒಂದು ವರ್ಷ ಕೆ.ಆರ್. ನಗರದ ಕಡೆಯ ಅಣ್ಣತಮ್ಮಂದಿರಿಬ್ಬರಿಗೆ ಬಂತು. ಅವರು ಹೊಳೆಯಲ್ಲಿ ಮೀನಿನ ಬಲೆಗೆ ಸಿಕ್ಕ ನೀರುನಾಯಿಗಳನ್ನು ಬಿಡಿಸಿ, ಆ ಮಡುವಿನಲ್ಲಿ ಬಲೆ ಹಾಕದಂತೆ ಮೀನು ಹಿಡಿಯುವವರನ್ನು ಒಪ್ಪಿಸಿದ್ದರು. ಸೈನ್ಸು ಓದಿದವರಿಗೇ ಕೊಡಬೇಕು ಎಂದು ಯಾರೋ ಅಂದಾಗ ಪ್ರೇಮಕ್ಕ, ಮಾಡಿದ ಕೆಲಸ ನೋಡಿ ಕೊಡೋಣ ಎಂದು ತಳ್ಳಿಹಾಕಿದರು.

ಈಗ ಅವರು ಅಧ್ಯಕ್ಷೆಯಲ್ಲ. ಮಂಡಿ ನೋವು ಜಾಸ್ತಿಯಾಗಿ, ಸಣ್ಣತಾಯಮ್ಮನಿಗೆ ಒಪ್ಪಿಸಿ ಕೂತಿದ್ದಾರೆ. ಬಹುಮಾನದ ದಿನ ಮಾತ್ರ ಎಲ್ಲರಿಗಿಂತ ಮುಂಚೆ ಬರುತ್ತಾರೆ. ಈ ವರ್ಷ ಬಹುಮಾನ ಪಡೆದವಳು ಪಿರಿಯಾಪಟ್ಟಣ ತಾಲ್ಲೂಕು ಹಾರನಹಳ್ಳಿಯ ಪವಿತ್ರ, ಪಿಯುಸಿ ಓದುವ ಹುಡುಗಿ. ಅವರ ಹೊಗೆಸೊಪ್ಪಿನ ಬ್ಯಾರನ್ನಿನ ಸೂರಿನಲ್ಲಿ ಗೂಬೆ ಮರಿ ಮಾಡಿತ್ತು. ಮರಿ ಹಾರುವ ತನಕ ಬ್ಯಾರನ್ನಿಗೆ ಬೆಂಕಿ ಹಾಕಬೇಡಿ ಎಂದು ಹಟ ಹಿಡಿದು, ಸೊಪ್ಪನ್ನು ದೊಡ್ಡಪ್ಪನ ಬ್ಯಾರನ್ನಿನಲ್ಲಿ ಬೇಯಿಸುವಂತೆ ಎರಡೂ ಮನೆಯವರನ್ನು ಒಪ್ಪಿಸಿದ್ದಳು. ಆಮೇಲೆ ಊರಿನ ಬೇರೆ ಬ್ಯಾರನ್ನುಗಳ ಗೂಡನ್ನೂ ನೋಡಿಕೊಂಡಿದ್ದಳು.

ಸಮಾರಂಭ ಮುಗಿದು ಜನ ಕರಗಿದ ಮೇಲೆ ಪ್ರೇಮಕ್ಕ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡರು.

‘‘ಗೂಬೆ ಮನೆ ತಾವು ಕೂಗುದ್ರೆ ಕೇಡು ಅಂತಾರಲ್ಲವ್ವ. ನಿಮ್ಮಪ್ಪ ಬೈಲಿಲ್ವಾ?’’

‘‘ಬೈದ್ರಜ್ಜಿ. ಆಮೇಲೆ ಇಲಿ ಕಾಟ ಕಮ್ಮಿ ಆಯ್ತು. ಈಗ ಗೂಬೆ ಕೂಗ್ದಿದ್ರೆ ಎಲ್ಲೋಯ್ತು ನೋಡು ಅಂತ ನನ್ನೇ ಎಬ್ಬುಸ್ತಾರೆ.’’

ಪ್ರೇಮಕ್ಕ ನಕ್ಕು ನಕ್ಕು ಕೆಮ್ಮಿದರು. ಶಿವನಂಜಪ್ಪನವರು ಡೈರಿಯ ಒಳಗಿನಿಂದ ಒಂದು ಲೋಟ ನೀರು ತಂದು ಕೊಟ್ಟರು. ಪವಿತ್ರ, ಬಸ್ಸಿಗೆ ಹೊತ್ತಾಯಿತು ಎಂದು ಎದ್ದಳು.

‘‘ಇನ್ನೊಂದು ಬಸ್ ಬತ್ತದೆ ಬುಡು’’ ಎನ್ನುತ್ತ ಪ್ರೇಮಕ್ಕ ಅವಳ ಹೆಗಲ ಮೇಲೆ ಕೈ ಊರಿ ಎದ್ದರು. ‘‘ಮನೇಲಿ ಪಾಯಸ ಮಾಡಿವ್ನಿ. ಉಂಡ್ಕಂಡ್ ಓಗು. ಮರಿ ಎಷ್ಟಿದ್ವು, ಏನ್ ತಿಂತಿದ್ವು, ಎಲ್ಲಾ ನಂಗೆ ಏಳ್ಬೇಕು.’’